ಜೀವಕೋಶದ ಪೊರೆಯೂ ವಾಂತಿಭೇದಿಯ ಚಿಕಿತ್ಸೆಯೂ

ಕನ್ನಡದಲ್ಲಿ ‘ಪೊರೆ’ ಎಂಬ ಶಬ್ದವು ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ನಾಮಪದವಾಗಿದ್ದರೆ ಹಾವಿನ ಪೊರೆ, ಕಣ್ಣಿನ ಪೊರೆ ಎಂಬಲ್ಲಿರುವಂತೆ ತೆಳ್ಳನೆಯ ಹೊದಿಕೆ; ಕ್ರಿಯಾಪದವಾಗಿದ್ದರೆ ಕಾಪಾಡು, ಸಲಹು. ನಮ್ಮ ಶರೀರವು ಯಾವ ಸೂಕ್ಷ್ಮವಾದ ಜೀವಕೋಶಗಳಿಂದ ಕಟ್ಟಲ್ಪಟ್ಟಿದೆಯೋ ಆ ಒಂದೊಂದು ಕೋಶವನ್ನೂ ಸುತ್ತಿಕೊಂಡಿರುವ ಪೊರೆಗೆ ಈ ಎರಡು ಅರ್ಥಗಳೂ ಸಲ್ಲುತ್ತವೆ. ಒಳಗಿನದು ಹೊರಗೆ ಚೆಲ್ಲಿಹೋಗದಂತೆಯೂ ಹೊರಗಿನದೆಲ್ಲವೂ ಒಳನುಗ್ಗದಂತೆಯೂ ತಡೆದು, ಬೇಕಾದುದನ್ನು ಮಾತ್ರ ಬರಮಾಡಿಕೊಳ್ಳುವುದು ಅದರ ಕಾರ್ಯ. ಅದರ ದಪ್ಪವಾದರೋ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಡಮೆ. ಇಷ್ಟು ತೆಳುವಾದ ಗೋಡೆಯಲ್ಲಿ ಬಾಗಿಲುಗಳೆಲ್ಲಿವೆ, ಅವು ಯಾರಿಗೆ ತೆರೆಯುತ್ತವೆ ಎಂಬುದನ್ನು ಪಂಡಿತರು ತಿಳಿದುಕೊಂಡ ಬಗೆಯೂ, ಆ ತಿಳಿವು ಪ್ರಯೋಗಶಾಲೆಯಿಂದ ಕಾಲರಾ ರೋಗಿಯ ಹಾಸಿಗೆಯ ಬಳಿಗೆ ಬಂದು ಮುಟ್ಟಿದ ಬಗೆಯೂ ಈ ಲೇಖನದ ವಿಷಯ. ಈ ಎರಡನೆಯ ಪ್ರಯಾಣವು ಬಹುಮಟ್ಟಿಗೆ ವಂಗದೇಶದಲ್ಲಿ ನಡೆಯಿತು. ಅದರಲ್ಲಿ ಆದ ಒಂದೊಂದು ವರ್ಷದ ತಡಕ್ಕೂ ಮನುಷ್ಯರ ಪ್ರಾಣದಿಂದ ಬೆಲೆ ತೆರಬೇಕಾಯಿತು.

ಉಪ್ಪಿನಕಾಯಿ ಹಾಕುವ ಗೃಹಿಣಿಯರಿಗೆ ಈ ವಿಷಯದ ಮೊದಲನೆಯ ಪಾಠವು ಚೆನ್ನಾಗಿ ಗೊತ್ತು. ಮಾವಿನ ಮಿಡಿಗೆ ಉಪ್ಪು ಬೆರಸಿ ಜಾಡಿಯಲ್ಲಿಟ್ಟರೆ ಕೆಲವು ದಿನಗಳಲ್ಲಿ ಮಿಡಿಯು ಸುಕ್ಕುಗಟ್ಟಿ ಜಾಡಿಯಲ್ಲಿ ನೀರು ನಿಲ್ಲುವುದು. ಹೊರಗಿನಿಂದ ಒಂದು ತೊಟ್ಟು ನೀರನ್ನೂ ಯಾರೂ ಹಾಕಿರುವುದಿಲ್ಲ. ಇದಕ್ಕೆ ವಿಪರೀತವಾಗಿ, ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಯಿಟ್ಟರೆ ಅದು ಉಬ್ಬಿ ದುಂಡಗಾಗುವುದು. ಉಪ್ಪು, ಸಕ್ಕರೆಗಳು ಎಲ್ಲಿ ಹೆಚ್ಚಾಗಿ ಕರಗಿವೆಯೋ ಆ ಕಡೆಗೆ ನೀರು ಪೊರೆಯನ್ನು ದಾಟಿ ಹರಿಯುವುದೆಂಬುದೇ ಇದರ ಸಾರ. ಶಾಲೆಯ ಪುಸ್ತಕಗಳಲ್ಲಿ ಇದಕ್ಕೆ ಅಭಿಸರಣೆ ಎಂದು ಹೆಸರು.

ಇದನ್ನು ಮೊದಲು ಪ್ರಯೋಗದಿಂದ ಕಂಡು ಬರೆದಿಟ್ಟವನು ಫ್ರಾನ್ಸ್ ದೇಶದ ನೊಲೆ ಎಂಬ ಪಾದ್ರಿ. ಅವನು ಹುಡುಕುತ್ತಿದ್ದುದು ಬೇರೆಯದನ್ನು. ದ್ರವಗಳು ಕುದಿಯುವುದು ಏಕೆಂಬುದು ಅವನ ಪ್ರಶ್ನೆ. ೧೭೪೮ರಲ್ಲಿ ಅವನು ಒಂದು ಪಾತ್ರೆಯಲ್ಲಿ ಮದ್ಯಸಾರವನ್ನು ತುಂಬಿ, ಅದರ ಬಾಯಿಗೆ ಪ್ರಾಣಿಯ ಮೂತ್ರಕೋಶದ ತೊಗಲನ್ನು ಬಿಗಿದು, ಗಾಳಿ ಸೋಕದಿರಲೆಂದು ನೀರಿನಲ್ಲಿ ಮುಳುಗಿಸಿಟ್ಟನು. ಕೆಲವು ಗಂಟೆಗಳಾದ ಮೇಲೆ ನೋಡಲು ತೊಗಲು ಉಬ್ಬಿ ಗುಮ್ಮಟದಂತಾಗಿದ್ದಿತು. ಸೂಜಿಯಿಂದ ಚುಚ್ಚಿದೊಡನೆ ದ್ರವವು ಕಾರಂಜಿಯಂತೆ ಚಿಮ್ಮಿತು. ನೀರು ತೊಗಲನ್ನು ದಾಟಿ ಒಳಹೊಕ್ಕಿದ್ದಿತು. ಮದ್ಯಸಾರವು ಅಷ್ಟು ಸುಲಭವಾಗಿ ಹೊರಬರಲಾರದೆ ಹೋಗಿದ್ದಿತು. ಮುಂದೆ ೧೮೨೬ರ ಸುಮಾರಿನಲ್ಲಿ ಅದೇ ದೇಶದ ದ್ಯುತ್ರೋಶೆ ಎಂಬ ವೈದ್ಯನು ಈ ವ್ಯಾಪಾರಕ್ಕೆ ಹೆಸರಿಟ್ಟು, ಗಿಡಗಳಲ್ಲಿಯೂ ಪ್ರಾಣಿಗಳಲ್ಲಿಯೂ ಇದೇ ನಡೆಯುವುದೆಂದು ಸಾರಿದನು. ೧೮೭೭ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞನಾದ ಫೆಫರನು ಮಣ್ಣಿನ ಕುಡಿಕೆಯ ಗೋಡೆಯಲ್ಲಿ ಕೃತಕವಾದ ಪೊರೆಯನ್ನು ಕಟ್ಟಿ, ಈ ಹರಿವಿನ ಒತ್ತಡವನ್ನು ಅಳೆದನು. ನೂರಕ್ಕೊಂದು ಪಾಲು ಸಕ್ಕರೆ ಕರಗಿದ ನೀರು ಕೂಡ ವಾಯುಮಂಡಲದ ಒತ್ತಡದ ಸುಮಾರು ಮೂರರಲ್ಲಿ ಎರಡು ಭಾಗದಷ್ಟು ಬಲವನ್ನು ತೋರಿಸಿತು. ಈ ಅಳತೆಗಳಿಗೆ ಗಣಿತದ ನಿಯಮವನ್ನು ಕೊಟ್ಟ ಹಾಲೆಂಡಿನ ವಾನ್ಟ್ ಹಾಫನು ೧೯೦೧ರಲ್ಲಿ ರಸಾಯನಶಾಸ್ತ್ರದ ಮೊತ್ತಮೊದಲನೆಯ ನೊಬೆಲ್ ಪಾರಿತೋಷಕವನ್ನು ಪಡೆದನು.

ಆದರೆ ಇವರೆಲ್ಲರೂ ನೀರಿನ ನಡೆಯನ್ನು ಕಂಡವರು. ಪೊರೆಯು ಯಾವುದರಿಂದಾದುದೆಂಬುದನ್ನು ಕಂಡವರಲ್ಲ. ಆ ಪ್ರಶ್ನೆಗೆ ಉತ್ತರವನ್ನು ಹುಡುಕಿದವನು ಇಂಗ್ಲೆಂಡಿನಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ನೆಲಸಿದ ಅರ್ನೆಸ್ಟ್ ಓವರ್ಟನ್. ಕಣ್ಣಿಗೆ ಕಾಣದ ಗೋಡೆಯನ್ನು ಅರಿಯುವುದಕ್ಕೆ ಅವನು ಹಿಡಿದ ಮಾರ್ಗವು ಮೆಚ್ಚತಕ್ಕದ್ದು: ಆ ಗೋಡೆಯನ್ನು ಯಾರು ಯಾರು ದಾಟಬಲ್ಲರು ಎಂದು ನೋಡುವುದು. ೧೮೯೦ರ ದಶಕದಲ್ಲಿ ವರ್ಷಗಟ್ಟಲೆ ಕುಳಿತು, ನೂರಾರು ಪದಾರ್ಥಗಳನ್ನು ಒಂದೊಂದಾಗಿ ಸಸ್ಯಗಳ ಮತ್ತು ಪ್ರಾಣಿಗಳ ಕೋಶಗಳಿಗೆ ಸೋಕಿಸಿ ಪರೀಕ್ಷಿಸಿದನು. ಈಥರ್, ಕ್ಲೋರೋಫಾರಮ್, ಮದ್ಯಸಾರಗಳು ಕ್ಷಣಮಾತ್ರದಲ್ಲಿ ಒಳಹೊಕ್ಕವು; ಸಕ್ಕರೆಯೂ ಉಪ್ಪೂ ಹೊರಗೇ ನಿಂತವು. ಎಣ್ಣೆಯಲ್ಲಿ ಸುಲಭವಾಗಿ ಕರಗುವುದೆಲ್ಲಕ್ಕೂ ಪ್ರವೇಶವುಂಟು, ಕರಗದುದಕ್ಕೆ ಇಲ್ಲ. ಆದುದರಿಂದ ಗೋಡೆಯು ಎಣ್ಣೆಯ ಜಾತಿಯ ಪದಾರ್ಥದಿಂದಲೇ ಆಗಿರಬೇಕು ಎಂದು ೧೮೯೯ರಲ್ಲಿ ತೀರ್ಮಾನಿಸಿದನು. ನಮ್ಮ ನೈಯಾಯಿಕರು ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವ ಕ್ರಮವೂ ಇದೇ ಆಗಿದೆ.

ಓವರ್ಟನ್ನನ ಊಹೆಗೆ ೧೯೨೫ರಲ್ಲಿ ಒಂದು ಬಲವಾದ ಸಾಕ್ಷ್ಯ ದೊರೆಯಿತು. ಹಾಲೆಂಡಿನ ಲೈಡನ್ ನಗರದಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬಿಬ್ಬರು ರಕ್ತದ ಕೆಂಪುಕಣಗಳಲ್ಲಿನ ಜಿಡ್ಡನ್ನು ತೆಗೆದು ನೀರಿನ ಮೇಲೆ ಹರಡಿ ಅಳೆದರು. ಅದು ಆ ಕಣಗಳ ಮೇಲ್ಮೈಯ ಎರಡರಷ್ಟು ಜಾಗವನ್ನು ಆಕ್ರಮಿಸಿತು. ಹಾಗಾದರೆ ಪೊರೆಯಲ್ಲಿ ಜಿಡ್ಡಿನ ಪದರಗಳು ಎರಡು, ಒಂದರ ಮೇಲೊಂದು. ಈ ನಿರ್ಣಯವು ಇಂದಿಗೂ ನಿಂತಿದೆ. ಅವರ ಲೆಕ್ಕ ಮಾತ್ರ ಸರಿಯಾಗಿರಲಿಲ್ಲ. ಜಿಡ್ಡು ಪೂರ್ತಿಯಾಗಿ ಇಳಿದುಬಂದಿರಲಿಲ್ಲ. ಕಣಗಳ ಮೇಲ್ಮೈಯನ್ನೂ ಇದ್ದುದಕ್ಕಿಂತ ಕಡಮೆಯಾಗಿ ಎಣಿಸಿದ್ದರು. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಸರಿಯಾದ ಉತ್ತರವೇ ಹೊರಬಂದಿತು. ಲೆಕ್ಕದ ಪರೀಕ್ಷೆಯಲ್ಲಿ ಹುಡುಗರಿಗೆ ಆಗಾಗ ಒದಗುವ ಭಾಗ್ಯವಿದು. ಅಂಥವರಿಗೆ ನಾನು ಅರ್ಧ ಅಂಕವನ್ನು ಕೊಡುತ್ತಿದ್ದೆನು.

ಇಲ್ಲಿಗೆ ಒಂದು ದೊಡ್ಡ ತೊಡಕು ಎದುರಾಯಿತು. ಗೋಡೆಯು ಎಣ್ಣೆಯದಾದರೆ, ಎಣ್ಣೆಯಲ್ಲಿ ಕರಗದ ಸಕ್ಕರೆಯೂ ಉಪ್ಪೂ ಕೋಶದೊಳಕ್ಕೆ ಹೋಗುವುದೆಂತು? ಹೋಗದಿದ್ದರೆ ಜೀವವು ನಡೆಯುವಂತಿಲ್ಲ. ನಾವು ಉಣ್ಣುವ ಅನ್ನವು ಕೊನೆಗೆ ಸಕ್ಕರೆಯಾಗಿಯೇ ಕರುಳಿನ ಕೋಶಗಳನ್ನು ದಾಟಿ ರಕ್ತವನ್ನು ಸೇರಬೇಕು. ಇದಕ್ಕೆ ಉತ್ತರವು ಈ ಜಿಡ್ಡಿನ ಗೋಡೆಯಲ್ಲಿ ಅಲ್ಲಲ್ಲಿ ನೆಟ್ಟಿರುವ ಪ್ರೋಟೀನುಗಳಲ್ಲಿದ್ದಿತು. ಅವುಗಳಲ್ಲಿ ಕೆಲವು ಬಾಗಿಲುಗಳು, ಕೆಲವು ಕಾಲುವೆಗಳು. ೧೯೫೭ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೋ ಅವರು ಏಡಿಯ ಕಾಲಿನ ನರಗಳಲ್ಲಿ ಕಂಡುಹಿಡಿದುದನ್ನು ನಮ್ಮ ಕಡೆಯ ಮಾತಿನಲ್ಲಿ ಏತವೆನ್ನಬಹುದು. ಬಾವಿಯ ನೀರನ್ನು ಏತವು ಮೇಲಕ್ಕೆತ್ತಿ ಚೆಲ್ಲುವಂತೆ, ಈ ಪ್ರೋಟೀನು ಕೋಶದೊಳಗಿನ ಸೋಡಿಯಮನ್ನು, ಎಂದರೆ ಉಪ್ಪಿನ ಒಂದಂಶವನ್ನು, ಎಡೆಬಿಡದೆ ಹೊರಕ್ಕೆ ಸಾಗಿಸುತ್ತದೆ. ಮೂರು ಸೋಡಿಯಮ್ ಹೊರಕ್ಕೆ ಹೋದರೆ ಎರಡು ಪೊಟ್ಯಾಸಿಯಮ್ ಒಳಕ್ಕೆ ಬರುತ್ತವೆ. ಈ ದುಡಿಮೆಗೆ ಶರೀರವು ತನ್ನ ಶಕ್ತಿಯಲ್ಲಿ ಬಹು ಭಾಗವನ್ನು ವ್ಯಯಮಾಡುವುದು. ಸ್ಕೋ ಅವರಿಗೆ ನೊಬೆಲ್ ಪಾರಿತೋಷಕವು ಬಂದುದು ನಲವತ್ತು ವರ್ಷಗಳ ಮೇಲೆ, ೧೯೯೭ರಲ್ಲಿ. ನೀರಿಗೂ ಪ್ರತ್ಯೇಕವಾದ ಕಾಲುವೆಯುಂಟೆಂಬುದಂತೂ ೧೯೯೨ರವರೆಗೆ ಸ್ಥಿರಪಟ್ಟಿರಲಿಲ್ಲ. ಪೀಟರ್ ಆಗ್ರೆ ಅವರು ರಕ್ತದ ಗುಂಪುಗಳನ್ನು ಪರಿಶೋಧಿಸುತ್ತಿದ್ದಾಗ ಬೇಡದ ಬೆರಕೆಯಾಗಿ ಸಿಕ್ಕಿದ ಒಂದು ಪ್ರೋಟೀನನ್ನು ಕಪ್ಪೆಯ ಮೊಟ್ಟೆಯಲ್ಲಿ ಹುಟ್ಟುವಂತೆ ಮಾಡಿದರು. ನೀರಿನಲ್ಲಿಟ್ಟ ಆ ಮೊಟ್ಟೆಗಳು ಉಬ್ಬಿ ಒಡೆದವು. ಮಿಕ್ಕ ಮೊಟ್ಟೆಗಳು ಹಾಗೆಯೇ ಇದ್ದವು.

ನಮ್ಮ ಕಥೆಗೆ ಎಲ್ಲಕ್ಕಿಂತ ಮುಖ್ಯವಾದುದು ಸಕ್ಕರೆಯ ಬಾಗಿಲು. ೧೯೫೮ರಲ್ಲಿ ರಿಕ್ಲಿಸ್ ಮತ್ತು ಕ್ವಾಸ್ಟೆಲ್ ಎಂಬ ಶೋಧಕರು, ಗಿನಿಹಂದಿಯ ಕರುಳು ಗ್ಲೂಕೋಸ್ ಎಂಬ ಸಕ್ಕರೆಯನ್ನು ಹೀರಿಕೊಳ್ಳಬೇಕಾದರೆ ಹೊರಗೆ ಸೋಡಿಯಮ್ ಇರಲೇಬೇಕೆಂದು ತೋರಿಸಿದ್ದರು. ಏಕೆಂಬುದನ್ನು ಹೇಳಿದವರು ಅಮೆರಿಕದ ರಾಬರ್ಟ್ ಕ್ರೇನ್. ೧೯೬೦ರ ಆಗಸ್ಟ್ ತಿಂಗಳಲ್ಲಿ ಪ್ರಾಗ್ ನಗರದಲ್ಲಿ ಪೊರೆಗಳ ವಿಷಯವಾಗಿ ನೆರೆದಿದ್ದ ವಿದ್ವತ್ಸಭೆಯಲ್ಲಿ ಅವರು ತಮ್ಮ ಮತವನ್ನು ಮುಂದಿಟ್ಟರು. ಅದರ ತಾತ್ಪರ್ಯವಿಷ್ಟು: ಕರುಳಿನ ಕೋಶದ ಈ ಬಾಗಿಲು ಸಕ್ಕರೆಯೊಂದೇ ಬಂದರೆ ತೆರೆಯುವುದಿಲ್ಲ, ಸೋಡಿಯಮ್ಮೊಂದೇ ಬಂದರೂ ತೆರೆಯುವುದಿಲ್ಲ, ಎರಡೂ ಒಟ್ಟಿಗೆ ಬಂದರೆ ತೆರೆದು ಎರಡನ್ನೂ ಒಳಕ್ಕೆ ಬಿಡುವುದು. ಪಲ್ಲಕ್ಕಿಯ ದೃಷ್ಟಾಂತದಿಂದ ಇದನ್ನು ತಿಳಿಯಬಹುದು. ಸಕ್ಕರೆಯು ಪಲ್ಲಕ್ಕಿಯಲ್ಲಿ ಕುಳಿತವನು. ಸೋಡಿಯಮ್ ಅದನ್ನು ಹೊರುವ ಬೋಯಿ. ಒಂದು ಗ್ಲೂಕೋಸಿಗೆ ಇಬ್ಬರು ಬೋಯಿಗಳೆಂಬುದೂ ಅನಂತರ ಗೊತ್ತಾಯಿತು. ಬೋಯಿಗಳು ಒಳಕ್ಕೆ ಓಡಿಬರಲು ಕಾರಣವೇನೆಂದರೆ, ಮೇಲೆ ಹೇಳಿದ ಏತವು ಒಳಗಿನ ಸೋಡಿಯಮನ್ನು ಯಾವಾಗಲೂ ಬರಿದುಮಾಡುತ್ತಿರುವುದು. ಇಳಿಜಾರಿನ ಕಡೆಗೆ ನೀರು ಹರಿಯುವಂತೆ ಹೊರಗಿನ ಸೋಡಿಯಮ್ ಒಳನುಗ್ಗುವುದು. ಆ ನುಗ್ಗುವಿಕೆಯ ಬಲದಿಂದ ಸಕ್ಕರೆಯೂ ಸಾಗುವುದು. ಉಪ್ಪೂ ಸಕ್ಕರೆಯೂ ಹೋದ ಕಡೆಗೆ ನೀರು ಹಿಂಬಾಲಿಸುವುದೆಂಬುದನ್ನು ಮಿಡಿಯ ಜಾಡಿಯಿಂದಲೇ ಬಲ್ಲೆವಷ್ಟೆ. ಕ್ರೇನ್ ಅವರ ಕಣ್ಣಿದ್ದುದು ಸಕ್ಕರೆಯ ಮೇಲೆ. ಸಕ್ಕರೆಯನ್ನು ಸಾಗಿಸುವುದಕ್ಕೆ ಉಪ್ಪು ಬೇಕೆಂಬುದು ಅವರ ಸಿದ್ಧಾಂತ. ಅದನ್ನೇ ತಿರುಗಿಸಿ, ಉಪ್ಪನ್ನೂ ನೀರನ್ನೂ ಸಾಗಿಸುವುದಕ್ಕೆ ಸಕ್ಕರೆಯನ್ನು ಕೊಡಬಹುದೆಂಬ ಮಾತು ರೋಗಿಗಳ ನಡುವೆ ಇದ್ದವರಿಂದ ಬರಬೇಕಾಗಿದ್ದಿತು.

ಈಗ ಆ ರೋಗಿಗಳ ಕಡೆಗೆ ತಿರುಗೋಣ.

ಆಯುರ್ವೇದದಲ್ಲಿ ವಿಷೂಚಿಕಾ ಎಂಬ ಹೆಸರಿನಿಂದ ವಾಂತಿಭೇದಿಯ ಲಕ್ಷಣಗಳುಳ್ಳ ರೋಗವು ಹೇಳಲ್ಪಟ್ಟಿದೆ. ಆದರೆ ೧೮೧೭ರಲ್ಲಿ ವಂಗದೇಶದಿಂದ ಹೊರಟು ದೇಶದೇಶಗಳನ್ನು ವ್ಯಾಪಿಸಿದ ಕಾಲರಾ ಮಾರಿಯ ಉಗ್ರತೆಯೇ ಬೇರೆ. ಈ ರೋಗಿಯು ಗಂಟೆಗೆ ಒಂದು ಲೀಟರಿನವರೆಗೂ ನೀರನ್ನು ಕಳೆದುಕೊಳ್ಳಬಹುದು. ಬೆಳಗ್ಗೆ ಆರೋಗ್ಯವಾಗಿದ್ದವನ ಕಣ್ಣು ಸಂಜೆಗೆ ಗುಳಿಬಿದ್ದು, ನಾಡಿಯು ಅಡಗಿ, ಚರ್ಮವು ಮಿಡಿಯಂತೆ ಸುಕ್ಕುಗಟ್ಟುವುದು. ೧೮೩೧ರಲ್ಲಿ ರೋಗವು ಇಂಗ್ಲೆಂಡನ್ನು ಮುಟ್ಟಿದಾಗ ಓಶಾನೆಸಿ ಎಂಬ ಇಪ್ಪತ್ತೆರಡು ವಯಸ್ಸಿನ ವೈದ್ಯನು ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣಗಳೂ ಬಹಳ ನಷ್ಟವಾಗಿರುವುವೆಂದು ತೋರಿಸಿದನು. ಮುಂದೆ ನಮ್ಮ ದೇಶಕ್ಕೆ ಬಂದು ತಂತಿಯ ವ್ಯವಸ್ಥೆಯನ್ನು ಸ್ಥಾಪಿಸಿದ ಓಶಾನೆಸಿಯು ಈತನೇ. ಅವನ ಬರಹವನ್ನು ಓದಿದ ತಾಮಸ್ ಲಾಟಾ ಎಂಬ ಸ್ಕಾಟ್ಲೆಂಡಿನ ವೈದ್ಯನು ೧೮೩೨ರಲ್ಲಿ ಸಾಯುವ ಸ್ಥಿತಿಯಲ್ಲಿದ್ದ ವೃದ್ಧೆಯೊಬ್ಬಳ ರಕ್ತನಾಳಕ್ಕೆ ಉಪ್ಪುನೀರನ್ನು ಹರಿಸಿದನು. ಅವಳು ಕಣ್ಣುಬಿಟ್ಟು, ಮೈ ಬೆಚ್ಚಗಾಗಿ, ಮಾತನಾಡಿದಳು. ಅವನು ಅವಳನ್ನು ಬೇರೊಬ್ಬ ವೈದ್ಯನ ವಶಕ್ಕೆ ಬಿಟ್ಟುಹೋದನು. ಭೇದಿಯು ಮರಳಿ ಹತ್ತಿತು. ಮತ್ತೆ ಯಾರೂ ನೀರನ್ನು ಕೊಡಲಿಲ್ಲ. ಕೆಲವು ಗಂಟೆಗಳಲ್ಲಿ ಅವಳು ತೀರಿಕೊಂಡಳು. ಈ ಮಾರ್ಗವು ಮರೆತುಹೋಗಿ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಲಕತ್ತೆಯ ಲೆನಾರ್ಡ್ ರಾಜರ್ಸ್ ಅವರಿಂದ ಪುನಃ ಬಳಕೆಗೆ ಬಂದು, ಸಾವಿನ ಸಂಖ್ಯೆಯನ್ನು ಗಣನೀಯವಾಗಿ ಇಳಿಸಿತು.

ರಕ್ತನಾಳಕ್ಕೆ ಕೊಡುವ ನೀರು ನಿರ್ಮಲವಾಗಿರಬೇಕು. ಸೀಸೆ, ಸೂಜಿ, ನಳಿಕೆಗಳು ಬೇಕು. ನಾಳವನ್ನು ಹುಡುಕಿ ಚುಚ್ಚಬಲ್ಲ ಕೈ ಬೇಕು. ಹತ್ತು ಹರದಾರಿಯಾಚೆಯ ಹಳ್ಳಿಯಲ್ಲಿ ಇವಾವುವೂ ಇಲ್ಲ. ಬಾಯಿಯ ಮೂಲಕವೇ ಏಕೆ ಕೊಡಬಾರದು? ಇದಕ್ಕೆ ವೈದ್ಯಲೋಕವು ಒಂದು ಸಿದ್ಧವಾದ ಉತ್ತರವನ್ನಿಟ್ಟುಕೊಂಡಿದ್ದಿತು: ಕಾಲರಾ ರೋಗದಲ್ಲಿ ಕರುಳಿನ ಒಳಪದರವು ಸುಲಿದುಹೋಗಿರುವುದು, ಹೀರಿಕೊಳ್ಳತಕ್ಕ ಪೊರೆಯೇ ಇಲ್ಲದ ಮೇಲೆ ಕುಡಿಸಿದುದು ಹಾಗೆಯೇ ಹೊರಬೀಳುವುದು. ಸತ್ತವರ ಕರುಳನ್ನು ನೋಡಿ ಹುಟ್ಟಿದ ಮತವಿದು. ಸತ್ತ ಮೇಲೆ ಕರುಳು ಬೇಗನೆ ಕೆಡುವುದೆಂಬುದನ್ನು ಯಾರೂ ಎಣಿಕೆಗೆ ತರಲಿಲ್ಲ. ೧೯೬೦ರಲ್ಲಿ ಬ್ಯಾಂಕಾಕ್ ನಗರದಲ್ಲಿ ಗ್ಯಾಂಗರೋಸಾ ಮೊದಲಾದವರು ಬದುಕಿರುವ ರೋಗಿಗಳ ಕರುಳಿನಿಂದಲೇ ಚೂರುಗಳನ್ನು ತೆಗೆದು ನೋಡಲು ಪದರವು ಇದ್ದಂತೆಯೇ ಇದ್ದಿತು. ಮನೆಗಳಲ್ಲಿಯೂ ಲಂಘನವೇ ಭೇದಿಗೆ ಔಷಧವೆಂದು ಮಗುವಿಗೆ ನೀರನ್ನು ತಡೆಯುವ ರೂಢಿಯಿದ್ದಿತು. ಪಂಡಿತರೂ ಪಾಮರರೂ ಒಂದೇ ತಪ್ಪಿನಲ್ಲಿ ಕೂಡಿಕೊಂಡಾಗ ಅದನ್ನು ಅಲ್ಲಾಡಿಸುವುದು ಸುಲಭವಲ್ಲ.

ಪದರವು ನಾಶವಾಗದಿದ್ದರೆ ಇಷ್ಟು ನೀರು ಹೊರಬರುವುದು ಹೇಗೆ? ಇದನ್ನು ತೋರಿಸಿದವರು ಕಲಕತ್ತೆಯ ಶಂಭುನಾಥ ದೇ ಅವರು. ೧೮೮೪ರಲ್ಲಿ ಅದೇ ನಗರದಲ್ಲಿ ರಾಬರ್ಟ್ ಕಾಖನು ಕಾಲರಾ ಕ್ರಿಮಿಯನ್ನು ಬೇರ್ಪಡಿಸಿದ ಮೇಲೆ, ಅದು ಒಂದು ವಿಷವನ್ನು ಹುಟ್ಟಿಸುವುದೆಂಬ ಊಹೆ ಇದ್ದೇ ಇದ್ದಿತು. ಆದರೆ ಎಲ್ಲರೂ ಆ ವಿಷವನ್ನು ಪ್ರಾಣಿಗಳ ರಕ್ತದಲ್ಲಿ ಹುಡುಕಿ ಸೋತರು. ದೇ ಅವರು ೧೯೫೩ರಲ್ಲಿ ಮೊಲದ ಕರುಳಿನ ತುಂಡೊಂದನ್ನು ಎರಡು ಕಡೆಯೂ ದಾರದಿಂದ ಕಟ್ಟಿ ಅದರೊಳಕ್ಕೆ ಕ್ರಿಮಿಗಳನ್ನು ಬಿಟ್ಟರು. ಅದು ನೀರಿನಿಂದ ತುಂಬಿ ಉಬ್ಬಿತು. ೧೯೫೯ರಲ್ಲಿ ಕ್ರಿಮಿಗಳನ್ನು ಸೋಸಿ ತೆಗೆದು, ಅವು ಬೆಳೆದಿದ್ದ ದ್ರವವನ್ನು ಮಾತ್ರ ಬಿಟ್ಟರು; ಆಗಲೂ ಉಬ್ಬಿತು. ರೋಗವು ವಿಷದ್ದು, ಅದರ ಕ್ಷೇತ್ರವು ಕರುಳೇ ಎಂಬುದು ಸಿದ್ಧವಾಯಿತು. ಆ ವಿಷವು ಕರುಳಿನ ಕೋಶವನ್ನು ಕೊಲ್ಲುವುದಿಲ್ಲ. ಅದರ ಒಂದು ಕಾಲುವೆಯ ತೂಬನ್ನು ಮುಚ್ಚದಂತೆ ಮಾಡುವುದು. ಆ ಕಾಲುವೆಯಿಂದ ಉಪ್ಪಿನ ಮತ್ತೊಂದಂಶವಾದ ಕ್ಲೋರೈಡ್ ಹೊರಕ್ಕೆ ಹರಿಯುವುದು. ಅದರ ಹಿಂದೆ ಸೋಡಿಯಮ್. ಅವೆರಡರ ಹಿಂದೆ ನೀರು. ಆದರೆ ಸಕ್ಕರೆಯೂ ಸೋಡಿಯಮ್ಮೂ ಜೊತೆಯಾಗಿ ಹೋಗುವ ಬಾಗಿಲನ್ನು ಆ ವಿಷವು ಮುಟ್ಟುವುದಿಲ್ಲ. ತೂಬು ಕಿತ್ತುಹೋದ ಕೆರೆಗೆ ಬೇರೊಂದು ಕಾಲುವೆಯಿಂದ ನೀರು ತುಂಬುವ ದಾರಿಯು ರೋಗದ ನಡುವೆಯೂ ತೆರೆದೇ ಇದ್ದಿತು.

ಕಾರಣವನ್ನರಿಯದೆ ಈ ದಾರಿಯನ್ನು ಹಿಡಿದ ಒಬ್ಬರಿದ್ದರು. ಕಲಕತ್ತೆಯ ಹೇಮೇಂದ್ರನಾಥ ಚಟರ್ಜಿ ಅವರು ೧೯೫೩ರಲ್ಲಿಯೇ ೧೮೬ ಮಂದಿ ರೋಗಿಗಳಿಗೆ ಉಪ್ಪು, ಗ್ಲೂಕೋಸ್ ಕರಗಿಸಿದ ನೀರನ್ನು ಕೊಟ್ಟು ಗುಣಪಡಿಸಿದುದಾಗಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ವಾಂತಿಯನ್ನು ನಿಲ್ಲಿಸಲು ಅವರು ಬಳಸಿದವುಗಳಲ್ಲಿ ನಮ್ಮ ಹಿತ್ತಲುಗಳಲ್ಲಿ ಬೆಳೆಯುವ ದೊಡ್ಡಪತ್ರೆಯ ಎಲೆಯ ರಸವೂ ಒಂದು. ಅವರ ರೋಗಿಗಳು ತೀರ ಕಠಿನಾವಸ್ಥೆಯಲ್ಲಿದ್ದವರಲ್ಲ. ಹೋಲಿಸಿ ನೋಡಲು ಬೇರೊಂದು ಗುಂಪಿರಲಿಲ್ಲ. ಒಳಹೋದುದೆಷ್ಟು, ಹೊರಬಂದುದೆಷ್ಟು ಎಂಬ ಅಳತೆಯೂ ಇರಲಿಲ್ಲ. ಈ ಆಕ್ಷೇಪಣೆಗಳು ಸುಳ್ಳಲ್ಲ. ಆದರೆ ಅವು ಪ್ರಯೋಗವನ್ನು ಸರಿಯಾಗಿ ಮಾಡಿನೋಡುವುದಕ್ಕೆ ಕಾರಣಗಳಾಗಬೇಕಾಗಿದ್ದವೇ ಹೊರತು ಅದನ್ನು ಕಡೆಗಣಿಸುವುದಕ್ಕಲ್ಲ. ಉಪ್ಪು ಸಕ್ಕರೆಗಳಂಥ ಅಡಿಗೆಮನೆಯ ಸಾಮಗ್ರಿಯಿಂದ ಇಂಥ ಮಾರಿಯು ತಗ್ಗುವುದೆಂಬುದೇ ಹಲವರಿಗೆ ಹಗುರವಾಗಿ ಕಂಡಿರಬೇಕೆಂದು ನನ್ನ ಎಣಿಕೆ.

ಇದರ ಎದುರುಬದಿಯ ಉದಾಹರಣೆಯೂ ಇದೆ. ಅಮೆರಿಕದ ನೌಕಾಸೈನ್ಯದ ವೈದ್ಯರಾದ ಕ್ಯಾಪ್ಟನ್ ರಾಬರ್ಟ್ ಫಿಲಿಪ್ಸ್ ಅವರು ಮನಿಲಾ ನಗರದಲ್ಲಿ ರೋಗಿಗಳಿಗೆ ಗ್ಲೂಕೋಸ್ ಬೆರಸಿದ ಉಪ್ಪುನೀರನ್ನು ಕುಡಿಸಲು, ಅದು ಹೀರಲ್ಪಡುವುದನ್ನು ಕಂಡು ಆನಂದಪಟ್ಟರು. ಆ ಉತ್ಸಾಹದಲ್ಲಿ ೧೯೬೨ರಲ್ಲಿ ಇನ್ನೂ ಹೆಚ್ಚು ಮಂದಿಗೆ ಕೊಟ್ಟ ನೀರು ತೀರ ಗಾಢವಾಗಿದ್ದಿತು. ಫೆಫರನು ಅಳೆದ ಒತ್ತಡವು ಇಲ್ಲಿ ತಿರುಗಿಬಿದ್ದಿತು. ಗಾಢವಾದ ದ್ರವವು ಶರೀರದ ನೀರನ್ನೇ ಕರುಳಿಗೆ ಸೆಳೆಯುವುದಷ್ಟೆ. ಕೆಲವರು ಮೃತರಾದರು. ಫಿಲಿಪ್ಸ್ ಅವರು ಅಷ್ಟಕ್ಕೆ ಕೈಬಿಟ್ಟರು. ಮುಂದೆ ಢಾಕಾ ನಗರದ ಕಾಲರಾ ಸಂಶೋಧನಾಲಯದ ನಿರ್ದೇಶಕರಾಗಿ ಬಂದಾಗಲೂ ಇಂಥ ಪ್ರಯೋಗವೆಂದರೆ ಹಿಂಜರಿಯುತ್ತಿದ್ದರು. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನು ಊದಿ ಕುಡಿಯುವನೆಂಬಂತೆ. ಇವರ ಹಿಂಜರಿಕೆಯನ್ನು ನಾನು ದೂಷಿಸಲಾರೆ.

ಆ ಸಂಶೋಧನಾಲಯದಲ್ಲಿಯೇ, ಮೂವತ್ತು ತುಂಬದ ಇಬ್ಬರು ಅಮೆರಿಕದ ವೈದ್ಯರು, ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್, ಈ ಕೆಲಸವನ್ನು ಪೂರೈಸಿದರು. ಕಾಲರಾ ರೋಗಿಯ ಮಂಚದ ನಡುವೆ ರಂಧ್ರವಿದ್ದು ಕೆಳಗೆ ಬಕೇಟನ್ನಿಟ್ಟಿರುವರು. ಬಕೇಟಿಗೆ ಎಷ್ಟು ಬಿದ್ದಿತೆಂಬುದನ್ನು ಗಂಟೆಗಂಟೆಗೆ ಅಳೆದು ಅಷ್ಟನ್ನೇ ಬಾಯಿಂದ ತುಂಬಿಕೊಡುವುದು ಅವರ ಉಪಾಯ. ಕೇಳಿದರೆ ಇದೇನು ಮಹಾ ಎನ್ನಿಸುವುದು; ಆದರೆ ಹಿಂದಿನವರು ಎಡವಿದುದು ಈ ಪ್ರಮಾಣದ ವಿಷಯದಲ್ಲಿಯೇ. ೧೯೬೮ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಕಠಿನಾವಸ್ಥೆಯ ರೋಗಿಯನ್ನು ಮೊದಲು ರಕ್ತನಾಳದ ಮೂಲಕ ಚೇತರಿಸಿ, ಅನಂತರ ಕುಡಿಸುತ್ತ ಹೋದರೆ, ರಕ್ತನಾಳಕ್ಕೆ ಬೇಕಾಗುವ ನೀರಿನಲ್ಲಿ ನೂರಕ್ಕೆ ಎಂಭತ್ತು ಪಾಲು ಉಳಿಯುವುದು. ಕಲಕತ್ತೆಯಲ್ಲಿಯೂ ಅದೇ ಕಾಲದಲ್ಲಿ ಇಂಥ ಫಲವೇ ಕಂಡುಬಂದಿತು. ಆದರೂ ಇದೆಲ್ಲವೂ ಆಸ್ಪತ್ರೆಯ ಒಳಗೆ, ನುರಿತ ವೈದ್ಯರ ಕಣ್ಣೆದುರಿಗೆ ಮಾತ್ರ ನಡೆಯತಕ್ಕದ್ದೆಂದೇ ಎಲ್ಲರ ಭಾವನೆಯಾಗಿದ್ದಿತು.

೧೯೭೧ರಲ್ಲಿ ಬಾಂಗ್ಲಾದೇಶದ ವಿಮೋಚನೆಯ ಯುದ್ಧವು ನಡೆದಾಗ ಸುಮಾರು ಒಂದು ಕೋಟಿ ಜನರು ಗಡಿಯನ್ನು ದಾಟಿ ಭಾರತಕ್ಕೆ ಬಂದರು. ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಗಡಿಯ ಪಕ್ಕದ ಬನಗಾಂವ್ ಎಂಬ ಊರಿನ ಆಸ್ಪತ್ರೆಗೆ ಕಲಕತ್ತೆಯಿಂದ ಹೋದವರು ದಿಲೀಪ ಮಹಲನಬೀಸ್ ಅವರು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯವು ಕಲಕತ್ತೆಯಲ್ಲಿ ನಡೆಸುತ್ತಿದ್ದ ಸಂಶೋಧನಾ ಕೇಂದ್ರದಲ್ಲಿ ಅವರು ಈ ನೀರಿನ ಪ್ರಯೋಗಗಳನ್ನು ಬಲ್ಲವರಾಗಿದ್ದರು. ಆಸ್ಪತ್ರೆಯ ಎರಡು ಕೊ಩ಠಡಿಗಳ ನೆಲದ ಮೇಲೆ ರೋಗಿಗಳು ಒತ್ತೊತ್ತಾಗಿ ಬಿದ್ದಿದ್ದರು. ರಕ್ತನಾಳಕ್ಕೆ ನೀರು ಕೊಡಬೇಕಾದರೆ ಮಲವಾಂತಿಗಳ ನಡುವೆಯೇ ಮೊಣಕಾಲೂರಿ ಕುಳಿತುಕೊಳ್ಳಬೇಕಾಗಿದ್ದಿತು. ಕೆಲವೇ ದಿನಗಳಲ್ಲಿ ಲವಣಜಲದ ಸೀಸೆಗಳು ತೀರುತ್ತ ಬಂದವು. ಆಗ ಅವರು ಮಾಡಿದ ನಿರ್ಧಾರಕ್ಕೆ ಶಾಸ್ತ್ರದ ಬೆಂಬಲವಿದ್ದಿತು, ಅನುಮತಿಪತ್ರವಿರಲಿಲ್ಲ. ಒಂದು ಲೀಟರ್ ನೀರಿಗೆ ೨೨ ಗ್ರಾಂ ಗ್ಲೂಕೋಸ್, ೩.೫ ಗ್ರಾಂ ಅಡಿಗೆಯ ಉಪ್ಪು, ೨.೫ ಗ್ರಾಂ ಅಡಿಗೆಸೋಡ ಎಂಬ ಲೆಕ್ಕದಿಂದ ಪುಡಿಯನ್ನು ಕಲಕತ್ತೆಯಲ್ಲಿ ತೂಗಿ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿಸಿ, ಬಿಸಿಯಾದ ಇಸ್ತ್ರಿಪೆಟ್ಟಿಗೆಯಿಂದ ಅಂಟಿಸಿ ಸಾಗಿಸಿದರು. ಬನಗಾಂವಿನಲ್ಲಿ ಅದನ್ನು ಪೀಪಾಯಿಗಳಲ್ಲಿ ಕಲಸಿಟ್ಟರು. ಕುಡಿಸುವ ಕೆಲಸವನ್ನು ರೋಗಿಯ ತಾಯಿ, ಅಕ್ಕ, ಗಂಡ, ಮಗ, ಯಾರು ಬಳಿಯಿದ್ದರೋ ಅವರಿಗೆ ಒಪ್ಪಿಸಿದರು. ಔಷಧವೆಂದರೆ ವೈದ್ಯನ ಕೈಯಿಂದಲೇ ಬರಬೇಕೆಂಬ ಕಟ್ಟು ಅಲ್ಲಿ ಮುರಿಯಿತು.

ಫಲವನ್ನು ಅಂಕಿಗಳೇ ಹೇಳುತ್ತವೆ. ಶಿಬಿರಗಳಲ್ಲಿ ಮೊದಲು ನೂರಕ್ಕೆ ಮೂವತ್ತರಷ್ಟು ಮಂದಿ ಸಾಯುತ್ತಿದ್ದರು. ಬನಗಾಂವಿನಲ್ಲಿ ಚಿಕಿತ್ಸೆ ಪಡೆದ ಮೂರು ಸಾವಿರಕ್ಕೂ ಹೆಚ್ಚಿನ ರೋಗಿಗಳಲ್ಲಿ ಸತ್ತವರು ನೂರಕ್ಕೆ ೩.೬ ಮಾತ್ರ. ವರದಿಯು ೧೯೭೩ರಲ್ಲಿ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ ೧೯೭೫ರಿಂದ ಈ ಪೊಟ್ಟಣವನ್ನು ಅಂಗೀಕರಿಸಿದವು. ೧೯೭೮ರಲ್ಲಿ, ಚಟರ್ಜಿಯವರ ಲೇಖನವು ಅಚ್ಚಾಗಿದ್ದ ಅದೇ ಲ್ಯಾನ್ಸೆಟ್ ಪತ್ರಿಕೆಯು, ಕರುಳಿನಲ್ಲಿ ಸೋಡಿಯಮ್ ಮತ್ತು ಗ್ಲೂಕೋಸ್ ಜೊತೆಯಾಗಿ ಸಾಗುವುವೆಂಬ ಶೋಧವು ಈ ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆಯಾಗಬಹುದೆಂಬ ಅಭಿಪ್ರಾಯವನ್ನು ಸಂಪಾದಕೀಯದಲ್ಲಿ ಕೊಟ್ಟಿತು. ಚಟರ್ಜಿಯವರ ಬರಹಕ್ಕೂ ಈ ಸಂಪಾದಕೀಯಕ್ಕೂ ನಡುವೆ ಇಪ್ಪತ್ತೈದು ವರ್ಷಗಳು ಕಳೆದಿದ್ದವು. ೧೯೮೦ರ ಸುಮಾರಿನಲ್ಲಿ ಐದು ವರ್ಷದೊಳಗಿನ ಮಕ್ಕಳು ಭೇದಿಯಿಂದ ಲೋಕದಲ್ಲಿ ವರ್ಷಕ್ಕೆ ನಲವತ್ತೈದು ಲಕ್ಷಕ್ಕೂ ಮಿಕ್ಕಿ ಸಾಯುತ್ತಿದ್ದರೆಂದು ಅಂದಾಜು. ಈಚಿನ ಅಂದಾಜು ಐದು ಲಕ್ಷದ ಕೆಳಗಿದೆ. ಶುದ್ಧವಾದ ನೀರು, ಶೌಚಾಲಯ, ಲಸಿಕೆಗಳಿಗೂ ಇದರಲ್ಲಿ ಪಾಲುಂಟು. ಆದರೆ ಉಪ್ಪು ಸಕ್ಕರೆಯ ನೀರಿನ ಪಾಲು ದೊಡ್ಡದು.

ಶಂಭುನಾಥ ದೇ ಅವರಿಗೆ ಸ್ವದೇಶದಲ್ಲಿ ತಕ್ಕ ಮನ್ನಣೆಯು ಬದುಕಿರುವಾಗ ದೊರೆಯಲಿಲ್ಲ. ೧೯೮೫ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯು ೧೯೯೦ರಲ್ಲಿ ಅವರ ಕಾರ್ಯಕ್ಕಾಗಿಯೇ ಒಂದು ಸಂಚಿಕೆಯನ್ನು ಮೀಸಲಿಟ್ಟುದು ನಮ್ಮ ನಾಡಿಗೆ ಸಮಾಧಾನದ ವಿಷಯ. ಮಹಲನಬೀಸ್ ಅವರು ೨೦೨೨ರಲ್ಲಿ ನಿಧನ ಹೊಂದಿದರು. ಪದ್ಮವಿಭೂಷಣ ಪ್ರಶಸ್ತಿಯು ಮರುವರ್ಷ ಅವರ ಹೆಸರಿಗೆ ಬಂದಿತು.

ಪೊಟ್ಟಣವೂ ಸಿಕ್ಕದ ಕಡೆಗಳಲ್ಲಿ ಏನು ಮಾಡಬೇಕೆಂಬುದಕ್ಕೆ ಬಾಂಗ್ಲಾದೇಶದ ಬ್ರ್ಯಾಕ್ ಎಂಬ ಸಂಸ್ಥೆಯು ೧೯೮೦ರಿಂದ ೧೯೯೦ರವರೆಗೆ ಉತ್ತರವನ್ನು ಕೊಟ್ಟಿತು. ಅದರ ಪರವಾಗಿ ಹೊರಟ ಹಳ್ಳಿಯ ಹೆಂಗಸರು ಮನೆಮನೆಗೆ ಹೋಗಿ ತಾಯಂದಿರ ಮುಂದೆ ಕುಳಿತು, ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ಅವರ ಕೈಯಿಂದಲೇ ಮಾಡಿಸಿ ಕಲಿಸಿದರು. ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಮನೆಗಳಿಗೆ ಈ ಪಾಠವು ಮುಟ್ಟಿತು. ಕಲಿಸಿದವರ ಸಂಬಳವು ಅವರು ಎಷ್ಟು ಮನೆಗಳಿಗೆ ಹೋದರೆಂಬುದರ ಮೇಲಲ್ಲ, ಕೆಲವು ದಿನಗಳ ಮೇಲೆ ಪರೀಕ್ಷಕರು ಹೋಗಿ ಕೇಳಿದಾಗ ತಾಯಂದಿರಿಗೆ ಎಷ್ಟು ನೆನಪಿದ್ದಿತೆಂಬುದರ ಮೇಲೆ ನಿಶ್ಚಯವಾಗುತ್ತಿದ್ದಿತು. ಉಪಾಧ್ಯಾಯರ ಸಂಬಳಕ್ಕೂ ಈ ಕ್ರಮವನ್ನು ಹಚ್ಚಿದ್ದರೆ ನಮ್ಮಲ್ಲಿ ಹಲವರ ಗತಿ ಏನಾಗುತ್ತಿತ್ತೋ ಹೇಳಲಾರೆ.

ಪ್ರಮಾಣದ ವಿಚಾರವು ಅಲ್ಲಿಗೂ ಮುಗಿಯಲಿಲ್ಲ. ಹಳೆಯ ಪೊಟ್ಟಣದ ನೀರು ಮಕ್ಕಳಿಗೆ ಸ್ವಲ್ಪ ಗಾಢವೆಂದು ಕಂಡುಬಂದುದರಿಂದ ೨೦೦೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಉಪ್ಪನ್ನೂ ಗ್ಲೂಕೋಸನ್ನೂ ಇಳಿಸಿತು. ಈಗ ಒಂದು ಲೀಟರಿಗೆ ೧೩.೫ ಗ್ರಾಂ ಗ್ಲೂಕೋಸ್, ೨.೬ ಗ್ರಾಂ ಉಪ್ಪು. ಇವುಗಳ ಜೊತೆಗೆ ಪೊಟ್ಯಾಸಿಯಮ್ ಕ್ಲೋರೈಡ್ ೧.೫ ಗ್ರಾಂ, ಅಡಿಗೆಸೋಡಕ್ಕೆ ಬದಲಾಗಿ ಸಿಟ್ರೇಟ್ ೨.೯ ಗ್ರಾಂ. ಇದರಲ್ಲಿ ಸೋಡಿಯಮ್ಮಿನ ಮತ್ತು ಗ್ಲೂಕೋಸಿನ ಕಣಗಳ ಸಂಖ್ಯೆಯು ಸರಿಸಮವಾಗಿದೆ. ಈ ಬದಲಾವಣೆಯಿಂದ ರಕ್ತನಾಳದ ಚಿಕಿತ್ಸೆಗೆ ತಿರುಗಬೇಕಾದ ಮಕ್ಕಳ ಸಂಖ್ಯೆಯು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಮೆಯಾಯಿತು. ಆದಕಾರಣ ಪೊಟ್ಟಣದ ಮೇಲೆ ಒಂದು ಲೀಟರ್ ಎಂದು ಅಚ್ಚಾಗಿದ್ದರೆ ಅದನ್ನು ಒಂದು ಲೀಟರ್ ನೀರಿಗೇ ಬೆರಸಬೇಕು. ಲೋಟದಲ್ಲಿ ಅಷ್ಟಿಷ್ಟು ಪುಡಿಯನ್ನು ಉದುರಿಸಿ ಕೊಡುವುದೂ, ಮಗುವಿಗೆ ರುಚಿಸಲೆಂದು ಮೇಲೆ ಸಕ್ಕರೆ ಹಾಕುವುದೂ ಮನಿಲಾದಲ್ಲಾದ ತಪ್ಪನ್ನೇ ಮನೆಯಲ್ಲಿ ಮಾಡಿದಂತೆ. ಬೆರಸಿದ ನೀರನ್ನು ಇಪ್ಪತ್ತುನಾಲ್ಕು ಗಂಟೆಗಳಾದ ಮೇಲೆ ಚೆಲ್ಲಿ ಹೊಸದಾಗಿ ಮಾಡಿಕೊಳ್ಳತಕ್ಕದ್ದು.